ಆಂಪ್ ಒಳಗೆ ಬೇರೆಯವರ ಕೈ

ಗಂಡನ ಶರ್ಟಿನ ಮೇಲೆ ಯಾರದೋ ಉದ್ದ ಕೂದಲು ಸಿಕ್ಕಿದ್ರೆ ಹೆಂಡತಿ ಮುಖ ಹೆಂಗಾಗುತ್ತೋ, ತಮ್ಮನ ಆಂಪ್ ಬಿಚ್ಚಿದ ತಕ್ಷಣ ವಾಲ್ವಣ್ಣನ ಮುಖ ಹಂಗಾಯ್ತು.

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ವಾಲ್ವಣ್ಣನ ರಿಪೇರಿ ಅಂಗಡಿ ಮೇಜಿನ ಮೇಲೆ ಆಂಪ್ ಹೊಟ್ಟೆ ಬಿಟ್ಕೊಂಡು ಅಂಗಾತ ಮಲಗಿತ್ತು. ಬೇಸ್ ಗಿಟಾರಿನ ದನಿ ಜೋರು ಮಾಡೋ ಆಂಪ್. ಹಳೇ ಕಾಲದ್ದು, ಒಳಗೆ ಬಲ್ಬಿನಂಥ ಗಾಜಿನ ವಾಲ್ವ್‌ಗಳು ಬಿಸಿಯಾಗಿ ಕೆಲಸ ಮಾಡೋ ಜಾತಿ. ಎತ್ತೋಕೆ ಇಬ್ಬರು ಬೇಕು, ಅದಕ್ಕೇ ಮನೇಲೆಲ್ಲ ಅದರ ಹೆಸರು 'ಆನೆ'. ತಮ್ಮ ಬ್ಯಾಂಡಲ್ಲಿ ಬೇಸ್ ನುಡಿಸ್ತಾನೆ, ಅಣ್ಣ ಆನೆ ನೋಡ್ಕೋತಾನೆ, ಹನ್ನೊಂದು ವರ್ಷದಿಂದ ಇದೇ ವ್ಯವಸ್ಥೆ. "ಈ ಆನೆಗೆ ಮಾವುತ ಒಬ್ನೇ ಕಣಯ್ಯ, ಅದು ನಾನು" ಅಂತ ವಾಲ್ವಣ್ಣ ಬೀದಿ ತುಂಬಾ ಕಾಲರ್ ಎತ್ಕೊಂಡು ಓಡಾಡಿದ್ದ.

ಈಗ ನೋಡಿದ್ರೆ ಆನೆ ಹೊಟ್ಟೇಲಿ ಬೇರೆ ಯಾರದೋ ಬೆಸುಗೆ.

ಬೆಸುಗೆ ಅಂದ್ರೆ ಕೈಬರಹ ಇದ್ದಂಗೆ. ವಾಲ್ವಣ್ಣನದು ದಪ್ಪ, ಬಟಾಣಿ ಕಾಳಿನಂಗೆ ಗುಂಡಗೆ. 'ಧಾರಾಳ ಮನಸ್ಸಿನ ಬೆಸುಗೆ' ಅಂತ ಅದಕ್ಕೆ ಅವನೇ ಇಟ್ಟ ಬಿರುದು. ಇಲ್ಲಿದ್ದದ್ದು ಅಕ್ಕಿಕಾಳಿನಷ್ಟು ಸೀಸ, ಫಳಫಳ ಹೊಳೀತಿತ್ತು. ವೈರ್‌ಗಳೆಲ್ಲ ಶಾಲೆ ಮಕ್ಕಳ ಥರ ಸಾಲಾಗಿ ನಿಂತಿದ್ವು. ಕರೆಂಟ್ ಕೂಡಿಡೋ ಹಳೇ ಕೆಪಾಸಿಟರ್‌ಗಳು ಹೋಗಿ ಹೊಸಾವು ಬಂದಿದ್ವು. ಕೆಟ್ಟ ಕೆಲಸ ಆಗಿದ್ರೆ ವಾಲ್ವಣ್ಣ ನಕ್ಕು ಸುಮ್ಮನಾಗ್ತಿದ್ದ. ಚೆನ್ನಾಗಿತ್ತಲ್ಲ, ಅದೇ ಸಂಕಟ. ಹೊಟ್ಟೆ ಒಳಗೆ ಯಾರೋ ಸೋಲ್ಡರಿಂಗ್ ಐರನ್ ಪ್ಲಗ್ಗಿಗೆ ಹಾಕಿ ಮರೆತು ಹೋದಂಗಾಯ್ತು.

"ಯಾರವನು?"

"ಯಾರಣ್ಣ?" ಅಂದ ತಮ್ಮ, ಗಿಟಾರಿನ ತಂತಿ ಒರೆಸ್ತಾ. ಅದಾಗಲೇ ಎರಡು ಸಲ ಒರೆಸಿ ಆಗಿತ್ತು.

"ನಾನು ಯಾರವನು ಅಂತ ಕೇಳಿದಾಗ ಯಾರಣ್ಣ ಅನ್ನಬಾರದು. ಹೆಸರು ಹೇಳಬೇಕು."

"ಎರಡು ತಿಂಗಳ ಹಿಂದೆ ನೀನು ಊರಲ್ಲಿರ್ಲಿಲ್ಲ. ಪ್ರೋಗ್ರಾಂ ದಿನ ಬೆಳಿಗ್ಗೆ ಗುಂಯ್ ಅಂತ ಶಬ್ದ ಶುರುವಾಯ್ತು. ಗೊತ್ತಿರೋರೊಬ್ರು ನೋಡಿದ್ರು."

"ಗೊತ್ತಿರೋರು! ಗಾಜಿನ ಬಾಗಿಲು ಹಾಕ್ಕೊಂಡು ಎದುರು ರಸ್ತೇಲಿ ಕೂತವ್ನಲ್ಲ, ಆ ಸರ್ವಿಸ್ ಸೆಂಟರ್‌ನವನು ತಾನೆ?"

"ಅವನಲ್ಲ."

"ಮತ್ಯಾರು?"

"ಅಣ್ಣಾ, ಸಂಜೆ ಆರಕ್ಕೆ ಪ್ರೋಗ್ರಾಂ. ಮೊದಲು ರಿಪೇರಿ ಮಾಡು, ಆಮೇಲೆ ವಿಚಾರಣೆ ಮಾಡು."

ತಮ್ಮ ಹೇಳಿದ ತೊಂದರೆ ಇಷ್ಟು: ಅರ್ಧ ಗಂಟೆ ಚೆನ್ನಾಗಿ ನುಡಿಯುತ್ತೆ, ಆಮೇಲೆ ಕರಕರ ಅನ್ನುತ್ತೆ, ಒಂದು ವಾಲ್ವ್ ಕೆಂಪಗಾಗುತ್ತೆ. ಸ್ಪೀಕರ್ ಸಿಕ್ಕಿಸಿ ಆನ್ ಮಾಡಿದ್ರು. ತಮ್ಮ ನುಡಿಸ್ತಾ ಕೂತ, ಕಪಾಟಿನ ಡಬ್ಬಗಳೆಲ್ಲ ಗಡಗಡ ಅಂದ್ವು. ಇಪ್ಪತ್ತೆಂಟನೇ ನಿಮಿಷಕ್ಕೆ, ಆರು ದೊಡ್ಡ ವಾಲ್ವ್‌ಗಳಲ್ಲಿ ಮೂರನೇದು ಕ್ಲೈಮ್ಯಾಕ್ಸ್ ಹೀರೋ ಕಣ್ಣಿನ ಥರ ಕೆಂಪಗಾಯ್ತು. ಟಪ್! ಫ್ಯೂಸ್ ಹೋಯ್ತು.

ವಾಲ್ವಣ್ಣನಿಗೆ ಕಾಯಿಲೆ ಏನು ಅಂತ ಅರ್ಥವಾಯ್ತು. ಒಂದೊಂದು ವಾಲ್ವನ್ನೂ ಮೈನಸ್ ಐವತ್ತು ವೋಲ್ಟ್ ಹಿಡಿದಿಟ್ಟಿರುತ್ತೆ. ಅದು ಮೂಗುದಾರ. ಅದು ತಪ್ಪಿದ್ರೆ ವಾಲ್ವ್ ಗೂಳಿ ಥರ ನುಗ್ಗಿ ತನ್ನನ್ನೇ ಸುಟ್ಟುಕೊಳ್ಳುತ್ತೆ. ಮೂರನೇದರ ಮೂಗುದಾರ ಎಲ್ಲೋ ಬಿಸಿ ಆದಾಗ ಬಿಟ್ಟು ಹೋಗ್ತಿದೆ.

"ಹೋಗಿ ಫ್ಯೂಸ್ ತಗೊಂಡು ಬಾ" ಅಂದ.

ಡ್ರಾಯರಲ್ಲಿ ಒಂದು ಡಬ್ಬಿ ತುಂಬಾ ಫ್ಯೂಸ್ ಇತ್ತು. ಆದ್ರೆ ಆ ಬೇರೆಯವನ ಮರ್ಯಾದೆ ತೆಗೆಯೋ ಸಾಕ್ಷಿ ಹುಡುಕೋಕೆ ಅವನಿಗೆ ಏಕಾಂತ ಬೇಕಿತ್ತು.

ತಮ್ಮ ಆ ಕಡೆ ಹೋದ. ವಾಲ್ವಣ್ಣ ಪ್ಲಗ್ ಕಿತ್ತು, ಸೀದಾ ಆಂಪ್ ಒಳಗೆ ಕೈ ಹಾಕಿದ. ಹೊಸ ಕೆಪಾಸಿಟರ್ ಹಿಡಿದು ಒಂದು ಸಲ ಅಲ್ಲಾಡಿಸಿದ. ಆಗ ನೆನಪಾಯ್ತು. ಸರಕ್ ಅಂತ ಕೈ ಹಿಂದಕ್ಕೆ ಎಳ್ಕೊಂಡ.

ಪ್ಲಗ್ ಕಿತ್ತ ಮಾತ್ರಕ್ಕೆ ಕೆಪಾಸಿಟರ್ ಖಾಲಿ ಆಗಲ್ಲ. ಏಳುನೂರು ವೋಲ್ಟ್ ಒಳಗೆ ಹೊಂಚು ಹಾಕ್ಕೊಂಡು ಕೂತಿರುತ್ತೆ. ಅದನ್ನ ಇಳಿಸದೆ ಮುಟ್ಟಿದವನ ಫೋಟೋಗೆ ಹಾರ ಗ್ಯಾರಂಟಿ. ಇಪ್ಪತ್ತೈದು ವರ್ಷದಲ್ಲಿ ಒಂದು ದಿನಾನೂ ಮರೆತಿರ್ಲಿಲ್ಲ, ಇವತ್ತು ಹೊಟ್ಟೆಕಿಚ್ಚಿನ ಅಮಲಲ್ಲಿ ಮರೆತಿದ್ದ. ಮತ್ತೆ ಯಾಕೆ ಹೊಡೀಲಿಲ್ಲ? ಬಗ್ಗಿ ನೋಡಿದ. ಕೆಪಾಸಿಟರಿನ ಎರಡು ಕಾಲಿನ ಮಧ್ಯೆ ಒಂದು ಪುಟ್ಟ ರೆಸಿಸ್ಟರ್. ಆಫ್ ಮಾಡಿದ ಮೇಲೆ ತಾನೇ ತಾನಾಗಿ ಕರೆಂಟ್ ಇಳಿದು ಹೋಗ್ಲಿ ಅಂತ ಆ ಬೇರೆಯವನು ಹಾಕಿದ್ದು.

ಅಂದ್ರೆ ಪ್ರಾಣ ಉಳಿಸಿದವನು ಅವನೇ!

ಕೃತಜ್ಞತೆ ಬರಬೇಕಿತ್ತು. ಬಂದಿದ್ದು ಇನ್ನೊಂದು ಡೋಸ್ ಉರಿ. 'ಇದೂ ಗೊತ್ತಾ ನಿಂಗೆ? ಜಾಣ ಕಣೋ ನೀನು' ಅಂತ ಹಲ್ಲು ಕಡೀತಾ, ಸುಮ್ಮಸುಮ್ಮನೆ ಅವನ ಮೂರು ಬೆಸುಗೆ ಬಿಚ್ಚಿ ತನ್ನ ಬಟಾಣಿ ಕೂರಿಸಿದ. ಸ್ವಲ್ಪ ಸಮಾಧಾನ ಆಯ್ತು.

ಆಮೇಲೆ ಪತ್ತೇದಾರಿ. ದೊಡ್ಡ ವಾಲ್ವ್‌ಗಳನ್ನ ಕಿತ್ತಿಟ್ಟ, ಡ್ರಾಯರಿನ ಫ್ಯೂಸ್ ಹಾಕಿ ಆನ್ ಮಾಡಿದ. ಮೂರನೇ ವಾಲ್ವಿನ ಮೂಗುದಾರಕ್ಕೆ ಮೀಟರ್ ಸಿಕ್ಕಿಸಿ, ಬಿದಿರು ಕಡ್ಡಿ ತಗೊಂಡು ಒಂದೊಂದೇ ಬೆಸುಗೆ ಮೇಲೆ ಮೆಲ್ಲಗೆ ತಟ್ಟಿದ. ಎಲ್ಲಿ ಬಿರುಕಿದೆಯೋ ಅಲ್ಲಿ ಮೀಟರ್ ಕುಣೀಬೇಕು. ಮೊದಲು ತಟ್ಟಿದ್ದು ಅಕ್ಕಿಕಾಳುಗಳನ್ನ. ಮೈನಸ್ ಐವತ್ತು. ಇನ್ನೊಂದು, ಮೈನಸ್ ಐವತ್ತು. 'ಕುಣಿಯಮ್ಮಾ ಕುಣಿ' ಅಂತ ಬೇಡ್ಕೊಂಡು ಸ್ವಲ್ಪ ಜೋರಾಗೇ ಗುದ್ದಿದ. ಅಲ್ಲಾಡಲಿಲ್ಲ.

ಮೂಲೇಲಿ ಹಳೇ ಬಟಾಣಿ ಒಂದು ಉಳಿದಿತ್ತು. ಸುಮ್ಮನೆ, ಲೆಕ್ಕಕ್ಕಿರ್ಲಿ ಅಂತ ಅದಕ್ಕೂ ಕಡ್ಡಿ ತಾಗಿಸಿದ.

ಸೊನ್ನೆ.

ಮತ್ತೆ ತಾಗಿಸಿದ. ಸೊನ್ನೆ, ಐವತ್ತು, ಸೊನ್ನೆ. ನಾಲ್ಕು ವರ್ಷದ ಹಿಂದೆ ಇದೇ ಮೇಜಿನ ಮೇಲೆ ತಾನೇ ಹಾಕಿದ ಧಾರಾಳ ಮನಸ್ಸಿನ ಬೆಸುಗೆ. ಮೇಲೆ ದಪ್ಪ, ಒಳಗೆ ಹಿಡಿದೇ ಇರ್ಲಿಲ್ಲ.

ವಾಲ್ವಣ್ಣ ಆಫ್ ಮಾಡಿ ಸ್ಟೂಲ್ ಮೇಲೆ ಕುಸಿದ. ಇದು ತಮ್ಮನಿಗೆ ಗೊತ್ತಾದ್ರೆ ಆನೆ ಇನ್ನು ಈ ಅಂಗಡಿ ಮೆಟ್ಟಿಲು ಹತ್ತಲ್ಲ. ಆ ಅಕ್ಕಿಕಾಳಿನವನ ಹತ್ರಾನೇ ಹೋಗುತ್ತೆ. ತಮ್ಮನೂ ಅದರ ಹಿಂದೆ ಹೋಗ್ತಾನೆ. ವಾರಕ್ಕೊಂದು ಸಲ ಬಂದು, ಇದೇ ಸ್ಟೂಲ್ ಮೇಲೆ ಕೂತು, ಟೀ ಕುಡೀತಾ ಆಡೋ ಮಾತೂ ಹೋಗುತ್ತೆ. ಆದ್ರೆ ನೋಡಿದವರು ಯಾರು? ಯಾರೂ ಇಲ್ಲ.

ಅಷ್ಟರಲ್ಲಿ ತಮ್ಮ ಬಂದ, ಜೊತೇಲಿ ಅವನ ಹೆಂಡತಿ. ಅವಳು ಪಕ್ಕದ ರಸ್ತೇಲಿ ಹಲ್ಲಿನ ಸೆಟ್ ತಯಾರು ಮಾಡೋ ಲ್ಯಾಬಲ್ಲಿ ಕೆಲಸ ಮಾಡ್ತಾಳೆ. ಶನಿವಾರ ಅರ್ಧ ದಿನ.

ವಾಲ್ವಣ್ಣ ಎದ್ದು ನಿಂತ. "ಸಿಕ್ಕಿದ ಕಳ್ಳ! ಮೂರನೇ ವಾಲ್ವಿನ ಬೆಸುಗೆ ಬಿರುಕು ಬಿಟ್ಟಿದೆ. ನಿನ್ನ 'ಗೊತ್ತಿರೋರು' ಮಾಡಿದ ಘನಕಾರ್ಯ. ಅಂಥ ಕೈಗೆ ಐರನ್ ಅಲ್ಲಪ್ಪ, ಪೊರಕೆ ಕೊಡಬೇಕು."

ತಮ್ಮ ಹೆಂಡತಿ ಮುಖ ನೋಡಿದ. ಹೆಂಡತಿ ಆಂಪ್ ನೋಡಿದ್ಲು.

"ಯಾವುದು ಭಾವ? ತೋರ್ಸಿ."

"ನಿಂಗ್ಯಾಕಮ್ಮ ಇದೆಲ್ಲ. ಕೈ ಮಸಿ ಆಗುತ್ತೆ."

"ಆಗ್ಲಿ ಬಿಡಿ. ಪೊರಕೆ ಹಿಡಿಯೋ ಕೈ ತಾನೆ?"

ವಾಲ್ವಣ್ಣನಿಗೆ ಇನ್ನೂ ಹೊಳೀಲಿಲ್ಲ. ಅವಳು ಬ್ಯಾಗಿಂದ ಭೂತಗನ್ನಡಿ ಕೂರಿಸಿದ ಕನ್ನಡಕ ತೆಗೆದು ಹಾಕ್ಕೊಂಡ್ಲು. ಹಲ್ಲಿನ ಮೇಲೆ ಕೂದಲೆಳೆಯಷ್ಟು ಗೆರೆ ಹುಡುಕೋ ಕನ್ನಡಕ. ಬಗ್ಗಿ ನೋಡಿದ್ಲು.

"ಇದು ನಂದಲ್ಲ" ಅಂದ್ಲು.



"ನಿಂದು... ಅಂದ್ರೆ?"

"ಅಕ್ಕಿಕಾಳಿನಂಥದ್ದೆಲ್ಲ ನಂದು. ಪುಸ್ತಕ ಓದಿ, ವಿಡಿಯೋ ನೋಡಿ ಕಲ್ತೆ. ಅಯ್ಯೋ, ಇಲ್ಲಿ ಮೂರು ಯಾಕೆ ಬಿಚ್ಚಿದ್ರಿ? ಚೆನ್ನಾಗೇ ಇತ್ತಲ್ಲ!"

ವಾಲ್ವಣ್ಣ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದ.

"ಈ ದಪ್ಪಂದನ್ನ ಅವತ್ತೇ ಬಿಚ್ತಿದ್ದೆ ಭಾವ. ನಿಮ್ಮ ತಮ್ಮ ಪಕ್ಕದಲ್ಲೇ ಕಾವಲು ಕೂತಿದ್ರು. ಬಿರುಕು ಕಾಣ್ತಿದೆ ಕಣ್ರಿ ಅಂದೆ. 'ಅದು ಅಣ್ಣ ಹಾಕಿದ್ದು. ಅಣ್ಣ ಹಾಕಿದ್ದು ಬಿರುಕು ಬಿಡಲ್ಲ, ಮುಟ್ಟಬೇಡ' ಅಂದ್ರು."

ತಮ್ಮ ಈಗ ಅಣ್ಣನ ಕಡೆ ತಿರುಗಿದ. ಮುಖದಲ್ಲಿ ಅನುಮಾನ ಅಂತ ಏನೂ ಇರ್ಲಿಲ್ಲ. "ಅವತ್ತಿಂದು ಬೇರೆ ಬೆಸುಗೆ ಇರ್ಬೇಕು, ಇವಳಿಗೆ ಗುರುತು ಸಿಕ್ತಿಲ್ಲ. ಅದು ನಿಂದಲ್ಲ ತಾನೆ ಅಣ್ಣ?"

ಒಂದೇ ಒಂದು 'ಅಲ್ಲ' ಸಾಕಿತ್ತು. ತಮ್ಮ ನಂಬ್ತಿದ್ದ. ಅವಳು ಎಷ್ಟೇ ಬಡ್ಕೊಂಡ್ರೂ ಇನ್ನು ಆನೆ ಹತ್ರ ಸುಳಿಯೋ ಹಾಗಿರ್ಲಿಲ್ಲ. ಪೂರ್ತಿ ಗೆಲುವು, ಕಟೌಟ್‌ಗೆ ಹಾರ. ವಾಲ್ವಣ್ಣನ ಬಾಯಿ ಅರ್ಧ ತೆರೀತು. ಕಣ್ಣು ಮಾತ್ರ ಆ ಪುಟ್ಟ ರೆಸಿಸ್ಟರ್ ಮೇಲೆ ಹೋಗಿ ಕೂತಿತು. ಅದಿಲ್ಲದಿದ್ರೆ ಈಗ ಇವರಿಬ್ರೂ ತನ್ನ ಹೆಣದ ಮುಂದೆ ನಿಂತಿರ್ತಿದ್ರು.

"ನಂದೇ ಕಣೋ" ಅಂದ. "ಗೊತ್ತಿದ್ದೇ ಸುಳ್ಳು ಹೇಳ್ದೆ."

ತಮ್ಮ ಕೈಯಲ್ಲಿದ್ದ ಫ್ಯೂಸ್ ಮೇಜಿನ ಮೇಲಿಟ್ಟ. ವಾಲ್ವಣ್ಣ ಅದನ್ನ ತೆಗೆದು ಡ್ರಾಯರಿನ ಡಬ್ಬಿಗೆ ಹಾಕೋಕೆ ಹೋದ. ಡಬ್ಬಿ ತುಂಬಾ ಫ್ಯೂಸ್ ಇರೋದು ತಮ್ಮನ ಕಣ್ಣಿಗೆ ಬಿತ್ತು.

"ಇದೂ ನಾಟಕಾನಾ?"

"ಇದೂನೂ."

"ನನ್ನನ್ನ ಬಿಸಿಲಲ್ಲಿ ಓಡಿಸಿದ್ಯಲ್ಲೋ! ಯಾಕಣ್ಣ?"

"ಹೊಟ್ಟೆ ಉರೀತಿತ್ತು ಕಣೋ. ಎಷ್ಟು ಚೆನ್ನಾಗಿ ಮಾಡವ್ಳೆ ನೋಡು. ನೋಡಿದ್ಯಾ ಆ ವೈರ್‌ನ? ಗೆರೆ ಎಳೆದಂಗಿದೆ."

ಕನ್ನಡಕದ ಹಿಂದಿನ ದೊಡ್ಡ ಕಣ್ಣು ಅವನ ಕಡೆ ತಿರುಗ್ತು. "ನಿಮಗೆ ಎರಡು ಗಂಟೆ ಉರೀತು ಭಾವ. ನಂಗೆ ಆರು ವರ್ಷ. ಮದುವೆ ಆದಾಗಿಂದ, ಫ್ಯಾನ್ ನಿಂತ್ರೆ ಅಣ್ಣ ಆಗಿದ್ರೆ ಹಿಂಗೆ ಮಾಡ್ತಿದ್ದ, ಮಿಕ್ಸಿ ಕೆಟ್ರೆ ಅಣ್ಣ ಆಗಿದ್ರೆ ಹಂಗೆ ಮಾಡ್ತಿದ್ದ. ಬೆಳಗಾಗೆದ್ದು ಅಣ್ಣ! ನಾನು ಐರನ್ ಹಿಡಿದಿದ್ದು ಯಾಕೆ ಅನ್ಕೊಂಡ್ರಿ, ಸಂಗೀತ ಸೇವೆಗಾ?"

"ನನ್ನ ಮೇಲೆ ಹೊಟ್ಟೆಕಿಚ್ಚಾ?" ವಾಲ್ವಣ್ಣನ ಎದೆ ಎರಡಿಂಚು ಉಬ್ಬಿತು. ಬೆಳಿಗ್ಗೆಯಿಂದ ಕೇಳಿದ ಮೊದಲನೇ ಒಳ್ಳೇ ಸುದ್ದಿ.

"ಮುಂದುವರೀಬೇಡಿ, ಟೈಮಿಲ್ಲ" ಅಂದ ತಮ್ಮ. ಸ್ವರ ಇನ್ನೂ ಗಡುಸಾಗಿತ್ತು. "ಯಾರು ಹಾಕ್ತೀರ ಆ ಬೆಸುಗೆ?"

ವಾಲ್ವಣ್ಣ ಬಿಸಿ ಐರನ್ ಕೈಗೆ ತಗೊಂಡ. ಅದನ್ನ ತಿರುಗಿಸಿ, ಹಿಡಿ ಅವಳ ಕಡೆ ಮಾಡಿ ಕೊಟ್ಟ. ಕೊಡುವಾಗ ಬೆರಳು ಬಿಡೋಕೆ ಒಂದು ಗಳಿಗೆ ಜಾಸ್ತೀನೇ ಹಿಡೀತು. ಅವಳು ಎಳ್ಕೋಬೇಕಾಯ್ತು.

ಹಳೇ ಬಟಾಣಿ ಕರಗಿ ಹೋಯ್ತು. ಅವಳು ತುದಿ ಕೆರೆದು, ಬಿಸಿ ಮಾಡಿ, ಒಂದು ಚೂರು ಸೀಸ ತೋರಿಸಿದ್ಲು. ಅಷ್ಟೇ.

"ಸೀಸ ಕಮ್ಮಿ ಆಯ್ತು" ಅಂದ ವಾಲ್ವಣ್ಣ.

ಅವಳು ಕನ್ನಡಕ ಬಿಚ್ಚಿ ಅವನ ಮೂಗಿನ ಮೇಲೆ ಕೂರಿಸಿದ್ಲು. "ಎಲ್ಲಿ, ತೋರ್ಸಿ."

ನೋಡಿದ. ತುಂಬಾ ಹೊತ್ತು ನೋಡಿದ. ತಪ್ಪು ಸಿಗ್ಲಿ ಅಂತ ಮನಸಾರೆ ಹುಡುಕಿದ.

"ಸರಿಯಾಗಿದೆ" ಅಂದ. ಹಲ್ಲು ಕೀಳಿಸ್ಕೊಂಡಷ್ಟು ನೋವಾಯ್ತು.

ಮೂರನೇ ವಾಲ್ವ್ ಬದಲಾಯಿಸಿ, ಮೂಗುದಾರದ ವೋಲ್ಟ್ ಸರಿ ಮಾಡಿದ್ರು. ಅವಳು ಸ್ಕ್ರೂ ತಿರುಗಿಸಿದ್ಲು, ಇವನು ಮೀಟರ್ ಓದಿ ಹೇಳ್ದ. ತಮ್ಮ ಒಂದು ಗಂಟೆ ಪೂರ್ತಿ ನುಡಿಸಿದ. ಡಬ್ಬಗಳು ಗಡಗಡ ಅಂದ್ವು. ಯಾವ ವಾಲ್ವೂ ಕೆಂಪಗಾಗ್ಲಿಲ್ಲ. ನುಡಿಸ್ತಾ ನುಡಿಸ್ತಾ ತಮ್ಮನ ಮುಖದ ಗಂಟೂ ಸಡಿಲ ಆಯ್ತು.

"ಥ್ಯಾಂಕ್ಸ್" ಅಂದ ಕೊನೆಗೆ.

"ಪರವಾಗಿಲ್ಲ ಬಿಡು" ಅಂದ ಅಣ್ಣ. "ಪರವಾಗಿಲ್ಲ ಬಿಡ್ರಿ" ಅಂದ್ಲು ಹೆಂಡತಿ. ಎರಡೂ ಒಟ್ಟಿಗೇ ಬಂತು. ಇಬ್ರೂ ಒಬ್ರನ್ನೊಬ್ರು ದುರುಗುಟ್ಟಿ ನೋಡಿದ್ರು.

"ಮುಂದಿನ ಸಲ ಕೆಟ್ರೆ ಇದನ್ನ ಎಲ್ಲಿಗೆ ತರ್ಲಿ?" ಅಂತ ತಮ್ಮ ಕೇಳ್ದ.

"ಇಲ್ಲಿಗೆ" ಅಂದ ವಾಲ್ವಣ್ಣ. ಕೇಳೋ ಧೈರ್ಯ ಇರ್ಲಿಲ್ಲ, ಆದ್ರೂ ಕೇಳ್ದ. "ತರ್ತೀಯಾ?"

ತಮ್ಮ ಹೆಂಡತಿ ಕಡೆ ನೋಡಿದ.

"ಇಲ್ಲಿಗೇ ತರ್ಲಿ" ಅಂದ್ಲು ಅವಳು. "ಮನೇಲಿ ಇಷ್ಟು ದೊಡ್ಡ ಮೇಜಿಲ್ಲ. ಆದ್ರೆ ನಾನು ಬಂದ ಮೇಲೇನೇ ಬಿಚ್ಚಬೇಕು."

"ನನ್ನ ಅಂಗಡೀಲಿ ನಂಗೇ ಕಂಡೀಷನ್ನಾ?" ಅಂತ ಗುಡುಗಿದ ವಾಲ್ವಣ್ಣ, ಆನೆಯ ಒಂದು ಕಡೆ ಹಿಡಿಗೆ ಕೈ ಹಾಕ್ತಾ. ಆಗಲೇ ಇನ್ನೊಂದು ಕಡೆ ಹಿಡಿ ಅವಳ ಕೈಯಲ್ಲಿತ್ತು. ತಮ್ಮ ಬರೀ ಗಿಟಾರ್ ಹೆಗಲಿಗೆ ಹಾಕ್ಕೊಂಡು ಮುಂದೆ ನಡೆದ. ಹಿಂದೆ ಇವರಿಬ್ರೂ, ಮೆಟ್ಟಿಲ ಮೇಲೆ ಮೊದಲು ಯಾರು ಇಳೀಬೇಕು ಅಂತ ಜಗಳ ಆಡ್ತಾ, ಆನೆ ಹೊತ್ಕೊಂಡು ಬಂದ್ರು.