ಗಂಡ ಹೆಂಡತಿ ಇಬ್ಬರೂ ಕೊಟ್ಟ ಡ್ರೈವಿಂಗ್ ಟೆಸ್ಟ್

ಶಿಕಾರಿಪುರದಿಂದ ಬಳ್ಳಿಗಾವಿಗೆ ಹೋಗುವ ದಾರಿಯಲ್ಲಿ ಒಂದು ಊರು. ಅಲ್ಲಿನ ಪಂಚಾಯಿತಿಗೆ ಕಸ ಎತ್ತುವ ಹೊಸ ಗಾಡಿ ಬಂತು. ಆದರೆ ಓಡಿಸುವವರೇ ಇಲ್ಲ. ಗಾಡಿ ಶೆಡ್ಡಿನಲ್ಲಿ, ಕಸ ಕೆರೆ ದಂಡೆಯಲ್ಲಿ. ದನಗಳು ಪ್ಲಾಸ್ಟಿಕ್ ಮೇಯುತ್ತಿದ್ದವು. ಅದೇ ಊರಿನ ರಜನಿ ಎಂಬಾಕೆಯ ಮನೆಯ ಎಮ್ಮೆ ಅದನ್ನೇ ತಿಂದು ಹೊಟ್ಟೆ ಉಬ್ಬಿ ಸತ್ತಿತ್ತು.

ಮಹಿಳಾ ಸಂಘದ ಸಭೆಗೆ ಬಂದ ಪಂಚಾಯಿತಿಯವರು ಕೇಳಿದರು. "ಡ್ರೈವಿಂಗ್ ಕಲಿಯೋರು ಯಾರಾದ್ರೂ ಇದೀರಾ?"

ರಜನಿ ಒಬ್ಬಳೇ ಕೈ ಎತ್ತಿದಳು.

ಮನೆಯಲ್ಲಿ ಗಂಡ ತಿಪ್ಪೇಶ ನಕ್ಕುಬಿಟ್ಟ. "ನಿಂಗೆ ಸೈಕಲ್ಲೇ ಬರಂಗಿಲ್ಲ, ಗಾಡಿ ಓಡಿಸ್ತೀಯಾ? ನಾನು ನೋಡು, ಮೀಸೆ ಬರಾಕಿಂತ ಮೊದ್ಲೇ ಟ್ರ್ಯಾಕ್ಟರ್ ಹತ್ತಿದೋನು."

"ಲೈಸೆನ್ಸ್ ಐತೇನ್ರೀ ನಿಮಗೆ?"

"ಹೊಲಕ್ಕೆ ಹೋಗಾಕೆ ಲೈಸೆನ್ಸ್ ಯಾಕೆ?"

"ಹೊಲಕ್ಕೆ ಹೋಗೋದು ರಸ್ತೆ ಮೇಲೇ ಅಲ್ವೇನ್ರೀ?"

ತಿಪ್ಪೇಶ ಮೀಸೆ ತಿರುವಿದ. "ಆತು, ನಾನೂ ಟೆಸ್ಟ್ ಕೊಡ್ತೀನಿ. ಯಾರು ಪಾಸಾಗ್ತಾರೆ ನೋಡಾಣ," ಎಂದ.

ಇಬ್ಬರೂ ಅರ್ಜಿ ಹಾಕಿದರು. ರಸ್ತೆ ಗುರುತುಗಳ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕಲಿಕಾ ಲೈಸೆನ್ಸ್ ಪಡೆದರು. ತಿಪ್ಪೇಶ ಅಷ್ಟಕ್ಕೇ ಬಿಟ್ಟ. "ನಂಗೇನು ಕಲಿಯಾದೈತೆ?" ಎಂದ.

ರಜನಿಗೆ ಕಲಿಸಲು ಅವಳ ಗೆಳತಿ ಸುನಿತಾ ಬಂದಳು. ಸುನಿತಾ ಸೊರಬ ತಾಲ್ಲೂಕಿನ ಹೊಸಬಾಳೆಯವಳು. ಲೈಸೆನ್ಸ್ ತೆಗೆದುಕೊಂಡು, ತನ್ನೂರಿನ ಕಸದ ಗಾಡಿಯನ್ನು ತಾನೇ ಓಡಿಸುವವಳು. ತನ್ನ ಮನೆಯ ಕಾರಿಗೆ ಹಿಂದೆ ಮುಂದೆ ಕೆಂಪು ಬಣ್ಣದ 'ಎಲ್' ಅಂಟಿಸಿ, ತಾನು ಪಕ್ಕದಲ್ಲಿ ಕೂತು, ಖಾಲಿ ಬಯಲಿನಲ್ಲಿ ಪಾಠ ಶುರು ಮಾಡಿದಳು. ಕೂತ ತಕ್ಷಣ ಬೆಲ್ಟು. ಆಮೇಲೆ ಕನ್ನಡಿ. ಹೊರಳುವ ಮೊದಲು ಇಂಡಿಕೇಟರ್.

ಬಯಲಿನಲ್ಲಿ ಕೈ ಪಳಗಿದ ಮೇಲೆ ಅಂಬ್ಲಿಗೊಳದ ಕಡೆಯ ಏರುರಸ್ತೆಗೆ ಹೋದರು. ಅಲ್ಲಿ ಇಂಜಿನ್ ಆಫ್ ಆಯಿತು. ಕಾರು ಹಿಂದಕ್ಕೆ ಜಾರತೊಡಗಿತು. ಸುನಿತಾ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದಳು. ರಜನಿ ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತಳು.

"ನನ್ ಕೈಲಾಗಲ್ಲ ಕಣೇ."

"ಆಫ್ ಆಗೋದು ತಪ್ಪಲ್ಲ ಮಾರಾಯ್ತಿ, ಗಾಬರಿ ಆಗೋದು ತಪ್ಪು. ಬ್ರೇಕ್ ತುಳಿ. ಹ್ಯಾಂಡ್‌ಬ್ರೇಕ್ ಎಳಿ. ಗೇರ್ ನ್ಯೂಟ್ರಲ್ಲಿಗೆ ತಾ. ಮತ್ತೆ ಚಾಲು ಮಾಡು. ಹಿಂದಿನೋರು ಹಾರ್ನ್ ಹೊಡೀಲಿ, ಕಾಯ್ತಾರೆ."

ಅದೇ ಏರಿನಲ್ಲಿ ರಜನಿ ಮತ್ತೆ ಮತ್ತೆ ನಿಲ್ಲಿಸಿ ಹೊರಟಳು. ಕಾರು ಜಾರುವುದು ನಿಂತಿತು. ಅಳುವೂ ನಿಂತಿತು.

ಟೆಸ್ಟಿನ ದಿನ ಸುನಿತಾಳ ಕಾರಿನಲ್ಲೇ ಮೂವರೂ ಆರ್.ಟಿ.ಒ. ಕಚೇರಿಗೆ ಹೋದರು. ತಿಪ್ಪೇಶನ ಸರದಿ ಮೊದಲು. ಬೆಲ್ಟ್ ಹಾಕಲಿಲ್ಲ. ಕನ್ನಡಿ ನೋಡಲಿಲ್ಲ. ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇಂಡಿಕೇಟರ್ ಹಾಕದೆ ಸರ‍್ರನೆ ತಿರುಗಿಸಿದ.

"ನಿಮಗೆ ಗಾಡಿ ಓಡಿಸೋಕೆ ಬರುತ್ತೆ," ಎಂದರು ಪರೀಕ್ಷೆ ಮಾಡುತ್ತಿದ್ದ ಇನ್ಸ್‌ಪೆಕ್ಟರ್. "ಆದ್ರೆ ರಸ್ತೆಲಿ ಬೇರೆಯವರೂ ಇರ್ತಾರೆ ಅನ್ನೋದು ಮರ್ತಿದೀರಿ. ಅಭ್ಯಾಸ ಮಾಡಿ ಮತ್ತೆ ಬನ್ನಿ."

ತಿಪ್ಪೇಶ ಮುಖ ಸಣ್ಣ ಮಾಡಿಕೊಂಡು ಇಳಿದ. "ಯಾರ ಕೈಲಾದ್ರೂ ಹೇಳಿಸಿದ್ರೆ ಲೈಸೆನ್ಸ್ ಸಿಗ್ತಿತ್ತೇನೋ," ಎಂದು ಗೊಣಗಿದ.

"ಕಾರ್ಡ್ ಸಿಗ್ತಿತ್ತೇನೋ ತಿಪ್ಪೇಶಣ್ಣ," ಎಂದಳು ಸುನಿತಾ. "ತಿರುವಲ್ಲಿ ಎದುರು ಬರೋ ಬಸ್ಸು ಕಾರ್ಡ್ ನೋಡಿ ನಿಲ್ತದಾ?"

ಅಷ್ಟರಲ್ಲಿ ರಜನಿ ಕಾರು ಹತ್ತಿದ್ದಳು. ಬೆಲ್ಟು, ಕನ್ನಡಿ, ಇಂಡಿಕೇಟರ್, ಒಂದೂ ಬಿಡಲಿಲ್ಲ. ಏರಿನ ನಡುವೆ ನಿಲ್ಲಿಸಿ ಹೊರಡಬೇಕಿತ್ತು. ಹೊರಡುವಾಗ ಇಂಜಿನ್ ಆಫ್ ಆಯಿತು! ಹಿಂದಿನಿಂದ ಒಂದು ಗಾಡಿ ಹಾರ್ನ್ ಹೊಡೆಯಿತು. ನೋಡುತ್ತ ನಿಂತಿದ್ದ ತಿಪ್ಪೇಶ ಎರಡು ಹೆಜ್ಜೆ ಮುಂದೆ ಬಂದ.

ರಜನಿ ಬ್ರೇಕ್ ತುಳಿದು ಹ್ಯಾಂಡ್‌ಬ್ರೇಕ್ ಎಳೆದಳು. ಗೇರ್ ನ್ಯೂಟ್ರಲ್ಲಿಗೆ ತಂದು ಚಾಲು ಮಾಡಿದಳು. ಕಾರು ಒಂದು ಗೇಣೂ ಜಾರದೆ ಏರು ಹತ್ತಿತು.

"ಆಫ್ ಆದಾಗ ನೀವು ಗಾಬರಿ ಆಗಲಿಲ್ಲ. ಅದೇ ನನಗೆ ಬೇಕಾಗಿತ್ತು," ಎಂದರು ಇನ್ಸ್‌ಪೆಕ್ಟರ್. "ಪಾಸ್."

ವಾಪಸ್ ಬರುವಾಗ ಸುನಿತಾ ಕಾರು ಓಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಕೂತಿದ್ದ ತಿಪ್ಪೇಶ ಮುಂದಕ್ಕೆ ಬಾಗಿದ. ಹೆಂಡತಿಯನ್ನು ಮೆಲ್ಲಗೆ ಕೇಳಿದ.

"ಪಕ್ಕದಾಗೆ ಲೈಸೆನ್ಸ್ ಇರೋರು ಕೂತು ಕಲಿಸ್ಬೇಕಂತಲ್ಲ. ನಿಂದು ಕೈಗೆ ಬಂದ ಮೇಲೆ ನಂಗೂ ಕಲಿಸ್ತೀಯೇನು?"

"ಕಲಿಸ್ತೀನಿ. ಆದ್ರೆ ಹೇಳಿದ್ದು ಕೇಳ್ಬೇಕು."

"ಕೇಳ್ತೀನಿ ಕಣೇ."

ಕೇಳಿದ. ಮುಂದಿನ ಸಲ ಅವನೂ ಪಾಸಾದ. ಈಗ ರಜನಿ ಬೆಳಿಗ್ಗೆ ಕಸದ ಗಾಡಿ ತಂದರೆ ಮನೆ ಮನೆಯವರು ಬುಟ್ಟಿ ಹಿಡಿದು ಬಾಗಿಲಿಗೆ ಬರುತ್ತಾರೆ. ಸಂಘದ ಇನ್ನಿಬ್ಬರು ಹೆಂಗಸರು ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕಿದ್ದಾರೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಲೈಸೆನ್ಸ್ ಇಲ್ಲದೆ ಗಾಡಿ ಹತ್ತುವವರು ಇದ್ದಾರೆಯೇ? ಇಂದೇ ಅವರೊಡನೆ ಕೂತು ಮಾತಾಡಿ. ಕಲಿಕಾ ಲೈಸೆನ್ಸ್ ಮಾಡಿಸಿ, ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯಿರಿ. ಫೇಲಾದರೆ ನಾಚಿಕೆ ಬೇಡ, ಮತ್ತೆ ಹೋಗಿ. ಅಡ್ಡದಾರಿ ಮಾತ್ರ ಹಿಡಿಯಬೇಡಿ. ಸ್ಟೇರಿಂಗ್ ನಿಮ್ಮ ಕೈಗೂ ಒಗ್ಗುತ್ತದೆ. ಧೈರ್ಯವಾಗಿ ಹೊರಡಿ, ಬೆಲ್ಟ್ ಹಾಕಿಕೊಂಡು!