ಕಾಶೆ ತಾತನ ಬಾಣ

ದೇಬೆಯಂಥ ಬೇಟೆಗಾರ ಕಲಹರಿ ಮರುಭೂಮಿಯ ಆ ಸೀಮೆಯಲ್ಲೇ ಇರಲಿಲ್ಲ ಎಂದರೆ ಅವನ ಜನ ನಮ್ಮನ್ನೇ ಉಗಿಯುತ್ತಾರೆ. ಅಲ್ಲಿ ಯಾರನ್ನೂ ಹಾಗೆ ಹೊಗಳುವಂತಿಲ್ಲ. ಹೊಗಳಿದರೆ ಬೇಟೆಗಾರನ ತಲೆ ತಿರುಗುತ್ತದೆ, ತಲೆ ತಿರುಗಿದವನು ಒಂದು ದಿನ ಮನುಷ್ಯರ ಮೇಲೂ ಕೈ ಮಾಡುತ್ತಾನೆ ಎಂಬುದು ಅವರ ಭಯ. ದೇಬೆಗೆ ಬಿಲ್ಲು ಹಿಡಿಯಲು ಕಲಿಸಿದ ಕಾಶೆ ತಾತನೂ ಅದನ್ನೇ ಹೇಳುತ್ತಿದ್ದ. "ಕಣ್ಣು, ಕಾಲು, ತಾಳ್ಮೆ ಎಲ್ಲಾ ಚಿರತೆಗೂ ಇದೆ ಕಣೋ. ಬೇಟೆ ಬಿದ್ಮೇಲೆ 'ನಾನು' ಅನ್ದೆ ಇರೋದಿದೆಯಲ್ಲ, ಅದು ಬೇಕು. ಇಲ್ದಿದ್ರೆ ನಾಳೆ ನಿನ್ನ ಜೊತೆ ಯಾರು ಬರ್ತಾರೆ?"

ತಾತನ ಮೊಣಕಾಲು ಹೋಗಿ ವರ್ಷಗಳಾಗಿದ್ದವು. ಕಣ್ಣೂ ಮಂಜು. ಆದರೂ ಬಾಣ ಮಾಡಿ ಬೇಟೆಗೆ ಹೋಗುವವರ ಕೈಗೆ ಕೊಡುತ್ತಿದ್ದ. ಅಲ್ಲಿ ಪ್ರಾಣಿ ಹೊಡೆದವನದಲ್ಲ, ತಾಗಿದ ಬಾಣ ಯಾರದೋ ಅವರದು. ಮಾಂಸ ಹಂಚುವವರೂ ಅವರೇ. ಮುದುಕನಿಗೆ ತಲೆಯೆತ್ತಿ ಕೂರಲು ಉಳಿದಿದ್ದದ್ದು ಅದೊಂದೇ.

ಈ ಸಲ ಎತ್ತಿನಷ್ಟು ದೊಡ್ಡ ಈಲ್ಯಾಂಡ್ ಜಿಂಕೆಗೆ ದೇಬೆ ಹೊಡೆದದ್ದು ತಾತನ ಬಾಣದಿಂದಲೇ. ಬಾಣದ ತುದಿಯ ವಿಷ ಏರಲು ಬಿಟ್ಟು, ಮರುದಿನ ಜೊತೆಯವರಿಗಿಂತ ಮುಂದೆ ಓಡಿ, ಸತ್ತುಬಿದ್ದಿದ್ದ ಪ್ರಾಣಿಯನ್ನು ಮೊದಲು ಕಂಡವನೂ ಅವನೇ. ಆಗ ಊರಿಗೆ ಬಂದು ಕೂತಿದ್ದ ಹೆಣ್ಣು ಕೊಟ್ಟ ಮಾವ ನೆನಪಾದ. "ಇವ್ನು ಏನು ಸಾಕ್ತಾನೋ" ಎಂದು ಗೊಣಗುತ್ತಲೇ ಇದ್ದ ಮಾವ. ಅವನಿಗೆ ಎದೆಯ ಕೊಬ್ಬನ್ನು ಕೈಯಾರೆ ಕೊಡಬೇಕು ಅನ್ನಿಸಿಬಿಟ್ಟಿತು. ತಾತನ ಬಾಣ ಕಿತ್ತು ಚೀಲಕ್ಕೆ ಹಾಕಿಕೊಂಡ. ಅದೇ ಗಾಯಕ್ಕೆ ತನ್ನದನ್ನು ಚುಚ್ಚಿದ. ಥೂ, ಅನ್ನ ಹಾಕಿದವನಿಗೇ ಕನ್ನ.

ಮಾಂಸ ಊರಿಗೆ ಬಂತು. ವಾಡಿಕೆಯಂತೆ ಎಲ್ಲರೂ ಮೂದಲಿಸಿದರು. "ಈ ಮೂಳೆ ಹೊರೋಕೆ ನಮ್ಮ ಬೆನ್ನೇ ಬೇಕಿತ್ತೇನೋ?" "ಒಂದು ಮೊಲ ಹೊಡ್ದಿದ್ರೆ ಇದಕ್ಕಿಂತ ವಾಸಿ ಇತ್ತು." ದೇಬೆ ವಾಡಿಕೆಯಂತೆ ತಲೆ ತಗ್ಗಿಸಿ ಹಂಚಿದ. ಮಾವ ಕೊಬ್ಬು ಜಗಿಯುತ್ತ ಮೊದಲ ಸಲ ನಕ್ಕ. ಬಯಸಿ ಬಯಸಿ ಪಡೆದ ಆ ನಗುವನ್ನು ದೇಬೆಗೆ ನೋಡಲಾಗಲಿಲ್ಲ.

ಕಾಶೆ ತಾತ ತನ್ನ ಪಾಲನ್ನು ಮುಟ್ಟಿರಲಿಲ್ಲ.

"ನನ್ನ ಬಾಣ ಏನಾಯ್ತು ಮಗಾ?"

"ಗುರಿ ತಪ್ತು ತಾತ. ಹುಲ್ಲಲ್ಲೆಲ್ಲೋ ಹೋಯ್ತು."

"ನಿನ್ನ ಗುರಿ ತಪ್ಪಲ್ಲ ಬಿಡು. ಬಾಣಾನೇ ಸೊಟ್ಟ ಇದ್ದಿರ್ಬೇಕು. ನಂಗೀಗ ಎಲ್ಲಿ ಕಾಣುತ್ತೆ?"

ತಾತ ಬತ್ತಳಿಕೆಯನ್ನು ಬೋರಲು ಹಾಕಿ, ಇದ್ದ ಬಾಣಗಳನ್ನು ಒಂದೊಂದಾಗಿ ಬೆಂಕಿಗಿಡತೊಡಗಿದ. "ಸೊಟ್ಟ ಬಾಣ ಕೊಟ್ಟು ನಿಮ್ಮ ಹೊಟ್ಟೆ ಮೇಲೆ ಹೊಡೆಯೋದು ಬೇಡ" ಎಂದ.

ದೇಬೆಯ ಕೈ ಚೀಲಕ್ಕೆ ಹೋಯಿತು. ಹೇಳಬೇಕು, ಈಗಲೇ ಹೇಳಬೇಕು. ಎದುರಿಗೆ ಮಾವ. ನಾಲಿಗೆ ಏಳುವಷ್ಟರಲ್ಲಿ ಕೊನೆಯ ಬಾಣವೂ ಹೊತ್ತಿಕೊಂಡಿತ್ತು.

ಚೀಲದಲ್ಲಿದ್ದುದನ್ನು ತೆಗೆದು ಎಲ್ಲರೆದುರು ತಾತನ ಕೈಗಿಟ್ಟ. "ತಾಗಿದ್ದು ಇದೇ ತಾತ. ನಾನೇ ಬದಲಾಯಿಸ್ದೆ."

ತಾತ ಬಾಣದ ಕಡ್ಡಿಯ ಮೇಲೆ ನಿಧಾನವಾಗಿ ಬೆರಳಾಡಿಸಿದ. ಅದು ನೆಟ್ಟಗೇ ಇತ್ತು.

"ಇಂಥ ಬಡಕಲಿಗೆ ಕಳ್ಳತನ ಬೇರೆ ಮಾಡಿದ್ಯಾ? ಕದಿಯೋನು ಒಂದಿಷ್ಟು ಕೊಬ್ಬಿರೋದನ್ನಾದ್ರೂ ಕದೀಬಾರ್ದಿತ್ತೇನೋ?" ಎಂದ.

ಊರೆಲ್ಲ ನಕ್ಕಿತು, ಮಾವನೂ ನಕ್ಕ. ಬೈದಿದ್ದರೆ ದೇಬೆ ತಡೆದುಕೊಳ್ಳುತ್ತಿದ್ದ, ಇದನ್ನು ತಡೆದುಕೊಳ್ಳಲಾಗಲಿಲ್ಲ.

ತಾತ ಬಾಣವನ್ನು ಅವನತ್ತ ಚಾಚಿದ. "ನಂಗೆ ಉಳಿದಿರೋದು ಇದೊಂದೇ. ಮುಂದಿನ ಬೇಟೆಗೆ ಇದನ್ನೇ ತಗೊಂಡ್ಹೋಗು."

ದೇಬೆಯ ಕೈ ಮೇಲೇಳಲಿಲ್ಲ. ಅದು ಕಾಣದ ತಾತ, ಅವನು ಈಗ ತೆಗೆದುಕೊಳ್ಳುತ್ತಾನೆಂದು ಬಾಣ ಚಾಚಿಯೇ ಕೂತಿದ್ದ.