ಹನ್ನೊಂದು ಸಾವಿರ ಸುತ್ತು

ಹದಿನಾಲ್ಕು ವರ್ಷದಿಂದ ಸಿಟಿ ಬಸ್ಸು ಓಡಿಸುತ್ತಿರುವವಳು ನಾನು. ಎಂಜಿನ್ ಅಂದರೆ ನನ್ನ ಮಟ್ಟಿಗೆ ಒಂದೇ ಅರ್ಥ. ಅರವತ್ತು ಜನರನ್ನು ತುಂಬಿಕೊಂಡು ಏರಿನಲ್ಲಿ ನಿಂತ ಬಸ್ಸನ್ನು ಗೊಣಗದೆ ಎಳೆದುಕೊಂಡು ಹೋಗಬೇಕು. ನಿಮಿಷಕ್ಕೆ ಸಾವಿರದಿನ್ನೂರು ಸುತ್ತು ತಿರುಗುವಷ್ಟರಲ್ಲೇ ಅದರ ಪೂರ್ತಿ ಎಳೆತ ಸಿಗಬೇಕು. ಎರಡು ಸಾವಿರ ದಾಟಿಸಿದ ಡ್ರೈವರಿಗೆ ನಮ್ಮ ಡಿಪೋದಲ್ಲಿ ಮರ್ಯಾದೆ ಇಲ್ಲ.

ನನ್ನ ಮಾವನವರದು ಬೇರೆಯೇ ದಾರಿ. ನಲವತ್ತು ವರ್ಷ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಮುಂದೆ ನಿಂತು ನಿವೃತ್ತರಾದವರು, ಮನೆಯ ಪಕ್ಕದ ಶೆಡ್ಡಿನಲ್ಲಿ ಆರು ವರ್ಷ ಪಟ್ಟು ಹಿಡಿದು ಒಂದು ಪುಟ್ಟ ಕಾರಿಗೆ ತಾವೇ ಎಂಜಿನ್ ಕಟ್ಟಿದರು. ಒಂದೂವರೆ ಲೀಟರಿನದು, ಒಂಬತ್ತು ಸಾವಿರ ಸುತ್ತು ತಿರುಗುವಂಥದ್ದು. ನಾನು ಅದಕ್ಕೆ ಸೊಳ್ಳೆ ಎಂದು ಹೆಸರಿಟ್ಟೆ. ನನ್ನ ತಮ್ಮನ ಮೂರೂವರೆ ಲೀಟರಿನ ಕಾರಿಗೆ ಅವರು ಎಮ್ಮೆ ಎಂದು ಹೆಸರಿಟ್ಟರು. ಎಮ್ಮೆಯನ್ನು ಮೂರನೇ ಗೇರಿಗೆ ಹಾಕಿದರೆ ಸಾಕು, ಇಡೀ ಬೆಟ್ಟ ಅದರಲ್ಲೇ ಹತ್ತಬಹುದು ಎಂದು ನಾನು ಹೇಳಿದರೆ, ಹಾಗೆ ಹತ್ತುವುದಕ್ಕೆ ಲಿಫ್ಟ್ ಸಾಲದೇ ಎಂದು ಅವರು ಕೇಳುತ್ತಿದ್ದರು. ಈ ಜಗಳವಿಲ್ಲದೆ ನಮ್ಮಿಬ್ಬರಿಗೂ ತುತ್ತು ಇಳಿಯುತ್ತಿರಲಿಲ್ಲ. ನನ್ನ ಗಂಡ ಮಾತ್ರ ತಟ್ಟೆ ಎತ್ತಿಕೊಂಡು ಟೀವಿ ಮುಂದೆ ಹೋಗಿಬಿಡುತ್ತಿದ್ದರು.

ಒಂದು ಗುಟ್ಟು ಹೇಳಿಬಿಡುತ್ತೇನೆ. ಸೊಳ್ಳೆ ಆರು ಸಾವಿರದವರೆಗೆ ಮೈಗಳ್ಳ. ಅಲ್ಲಿಂದ ಮೇಲೆ ಅದರ ದನಿಯೇ ಬದಲಾಗುತ್ತದೆ. ಏಳಾಯಿತು, ಎಂಟಾಯಿತು, ಇನ್ನು ಸಾಕು ಎಂದು ಯಾವ ಬಸ್ಸಿನ ಡ್ರೈವರಿಗಾದರೂ ಅನ್ನಿಸುವ ಜಾಗದಲ್ಲಿ ಅದು ಇನ್ನೂ ಬೇಕು ಅನ್ನುತ್ತದೆ. ಆ ಹೊತ್ತಿಗೆ ನನ್ನ ಕೈಯ ರೋಮವೆಲ್ಲ ಎದ್ದು ನಿಲ್ಲುತ್ತದೆ. ಎಮ್ಮೆಯಲ್ಲಿ ಎಂದೂ ಹಾಗಾಗಿಲ್ಲ. ಮಾವನವರ ಮುಂದೆ ಇದನ್ನು ಒಪ್ಪಿಕೊಳ್ಳುವಷ್ಟು ದಡ್ಡಿ ನಾನಲ್ಲ.

ನಾಲ್ಕು ವರ್ಷದ ಹಿಂದೆ, ಎಂಜಿನ್ ಇನ್ನೇನು ಮುಗಿಯಿತು ಎನ್ನುವಾಗ, ಅವರ ಕೈ ನಡುಗಲು ಶುರುವಾಯಿತು. ಈಗ ಅರ್ಧ ಲೋಟ ಕಾಫಿ ಕುಡಿಯುವುದಕ್ಕೂ ಎರಡು ಕೈ ಬೇಕು. ವರ್ಷಕ್ಕೊಮ್ಮೆ ನಡೆಯುವ ಬೆಟ್ಟದ ಸ್ಪರ್ಧೆಯಲ್ಲಿ ಕಾರನ್ನು ನಾನೇ ಹತ್ತಿಸುತ್ತೇನೆ, ಅವರು ಕೆಳಗೆ ನಿಂತು ನೋಡುತ್ತಾರೆ. ಈ ಎಂಜಿನ್ ಹಾಳಾದರೆ ಇನ್ನೊಂದು ಕಟ್ಟುವ ಕೈ ಅವರಿಗಿಲ್ಲ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಈ ಭಾನುವಾರದ ಸ್ಪರ್ಧೆಯಲ್ಲಿ ಆ ಎಂಜಿನ್ನನ್ನು ನಾನೇ ಹಾಳು ಮಾಡಿದೆ ಎಂದುಕೊಂಡೆ.

ಬಸ್ಸಿನ ಗೇರು ಹಾಕಲು ಭುಜದಿಂದ ಬಲ ಬರಬೇಕು. ಸೊಳ್ಳೆಗೆ ಎರಡು ಬೆರಳು ಸಾಕು. ಬೆಟ್ಟದ ನಡುವಿನ ತಿರುವು ದಾಟುತ್ತಾ, ಎಂಟೂವರೆ ಸಾವಿರದಲ್ಲಿ ಮೂರರಿಂದ ನಾಲ್ಕಕ್ಕೆ ಹಾಕಬೇಕಾದ ಕಡೆ ನನ್ನ ಬಸ್ಸಿನ ಮುಷ್ಟಿ ಎದ್ದು ಬಂತು. ಗೇರು ಓರೆಯಾಗಿ ಹೋಗಿ ಎರಡಕ್ಕೆ ಬಿತ್ತು. ಹಿಂದಿನ ಚಕ್ರಗಳು ಕೀರಲಿಟ್ಟವು. ಮೀಟರಿನ ಮುಳ್ಳು ಒಂಬತ್ತು, ಹತ್ತು ದಾಟಿ ಹನ್ನೊಂದಕ್ಕೆ ಹೋಗಿ ನಿಂತದ್ದನ್ನು ಕಣ್ಣಾರೆ ಕಂಡೆ. ತಕ್ಷಣ ಕ್ಲಚ್ ತುಳಿದೆ. ಎಂಜಿನ್ ಆರಿಹೋಯಿತು.

ಕೆಲವು ಸೆಕೆಂಡು ಸುಮ್ಮನೆ ಉರುಳಿ, ಮತ್ತೆ ಚಾಲು ಮಾಡಿ, ಮೆಲ್ಲಗೆ ಮೇಲೆ ತಲುಪಿಸಿದೆ. ಕೆಳಗೆ ಬಂದು ಮಾವನವರಿಗೆ ಗೇರು ಸರಿಯಾಗಿ ಬೀಳಲಿಲ್ಲ ಎಂದಷ್ಟೇ ಹೇಳಿದೆ. ಅವರು ಹೂಂ ಎಂದರು.

ಮಿತಿಮೀರಿ ತಿರುಗಿದರೆ ಏನಾಗುತ್ತದೆಂದು ಅವರೇ ನನಗೆ ಕಲಿಸಿದ್ದರು. ವಾಲ್ವುಗಳಿಗೆ ಮುಚ್ಚಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ, ಕೆಳಗಿನಿಂದ ಏರಿ ಬರುವ ಪಿಸ್ಟನ್ ಅವಕ್ಕೆ ಗುದ್ದುತ್ತದೆ. ಸ್ವಲ್ಪವೇ ಬಾಗಿದ ವಾಲ್ವು ಕೆಲವು ದಿನ ಏನೂ ಆಗದವರ ಹಾಗೆ ಓಡುತ್ತದೆ, ಆಮೇಲೆ ಮುರಿದು ಎಲ್ಲವನ್ನೂ ಕೊಲ್ಲುತ್ತದೆ. ಹಾಗಾಗಿ ಕಾರು ಸರಿಯಾಗಿಯೇ ಓಡುತ್ತಿದ್ದರೂ ನನಗೆ ಸಮಾಧಾನವಿರಲಿಲ್ಲ.

ಸೋಮವಾರ ತೊಳೆಸಿಕೊಂಡು ಬರುತ್ತೇನೆಂದು ಸುಳ್ಳು ಹೇಳಿ ಕಾರನ್ನು ಡಿಪೋಗೆ ಒಯ್ದೆ. ನಮ್ಮ ಹಿರಿಯ ಮೆಕ್ಯಾನಿಕ್ಕಿಗೆ ಡಾಕ್ಟರ್ ಎಂದು ಹೆಸರು. ಸ್ಕ್ರೂಡ್ರೈವರ್ ಹಿಡಿಯನ್ನು ಕಿವಿಗೊತ್ತಿ ಎಂಜಿನ್ನಿನ ಎದೆಬಡಿತ ಕೇಳುವವರು. ಅವರು ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಆ ತೂತಿಗೆ ಹೊಂದುವ ಮೂತಿ ಹುಡುಕಿ, ಒತ್ತಡ ಅಳೆಯುವ ಗೇಜು ಕೂರಿಸಿದರು. ನಾನು ಕೀಲಿ ತಿರುಗಿಸಿದೆ. ವಾಲ್ವು ಬಾಗಿದ್ದರೆ ಒತ್ತಡ ನಿಲ್ಲುವುದಿಲ್ಲ, ಗೇಜು ಹೇಳಿಬಿಡುತ್ತದೆ.

ಮುಳ್ಳು ಹದಿಮೂರಕ್ಕೆ ಬಂದು ನಿಂತಿತು.

ನಮ್ಮ ಬಸ್ಸುಗಳಿಗೆ ಮೂವತ್ತು ಬರಬೇಕು. ಇಪ್ಪತ್ತೆರಡಕ್ಕಿಂತ ಇಳಿದರೆ ಎಂಜಿನ್ ಬಿಚ್ಚುತ್ತಾರೆ. ಡಾಕ್ಟರು ನನ್ನ ಮುಖ ನೋಡಲಿಲ್ಲ. ಎರಡನೆಯ ಸಿಲಿಂಡರಿಗೆ ಹಾಕಿದರು, ಹದಿಮೂರು. ಮೂರನೆಯದು ಹದಿಮೂರು. ನಾಲ್ಕನೆಯದೂ ಅಷ್ಟೇ. ಅವರು ಟೋಪಿ ತೆಗೆದು ಬಾನೆಟ್ಟಿನ ಮೇಲಿಟ್ಟರು. ನಾನು ಟೈರಿನ ರಾಶಿಯ ಮೇಲೆ ಕೂತೆ. ಇದನ್ನು ಮನೆಯಲ್ಲಿ ಹೇಗೆ ಹೇಳುವುದೆಂದು ಒಂದು ವಾಕ್ಯ ಜೋಡಿಸಲು ಹೊರಟೆ, ಅದು "ಮಾವ" ಎಂಬಲ್ಲಿಗೇ ನಿಂತಿತು.

ಡಾಕ್ಟರು ಮಾತ್ರ ಗೇಜನ್ನೇ ನೋಡುತ್ತಾ ತಲೆ ಕೆರೆದುಕೊಳ್ಳುತ್ತಿದ್ದರು.

"ಸಾಯೋರು ಇಷ್ಟು ಸಮಸಮವಾಗಿ ಸಾಯಲ್ಲಮ್ಮ," ಎಂದರು ಕೊನೆಗೆ. "ಇದು ಪೆಟ್ರೋಲ್ ಗಾಡಿ ಅಲ್ವಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಜೀವಮಾನವೆಲ್ಲ ಡೀಸೆಲ್ ಬಿಟ್ಟು ಬೇರೆ ಎಂಜಿನ್ನಿಗೆ ಗೇಜು ಹಾಕಿದ್ದು ಕಂಡವರಲ್ಲ ನಾವು. ಪೆಟ್ರೋಲ್ ಎಂಜಿನ್ನಿಗೆ ಎಷ್ಟು ಬರಬೇಕೆಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಂಗಳದಲ್ಲಿ ಪೆಟ್ರೋಲಿನದು ಅಂತ ಇದ್ದದ್ದು ಡಿಪೋ ಮ್ಯಾನೇಜರರ ಹೊಸ ಕಾರೊಂದೇ, ಕೊಂಡು ಮೂರು ತಿಂಗಳಾಗಿತ್ತು. ಡಾಕ್ಟರು ಹೋಗಿ ಏನು ಹೇಳಿದರೋ, ಕೀಲಿ ಹಿಡಿದು ಬಂದರು. ಹಿಂದೆಯೇ ಮ್ಯಾನೇಜರರೂ ಓಡಿಬಂದು, ತಮ್ಮ ಕಾರಿನ ಪ್ಲಗ್ಗು ಬಿಚ್ಚುವುದನ್ನು ಕೈ ಹಿಸುಕಿಕೊಳ್ಳುತ್ತಾ ನೋಡಿದರು.

ಹನ್ನೆರಡು ಬಂತು.

ಮ್ಯಾನೇಜರರಿಗೆ ಗಾಬರಿ. ಹೊಸ ಕಾರು ಸಾರ್, ಹೀಗೇ ಇರಬೇಕು, ತುಂಬಾ ಚೆನ್ನಾಗಿದೆ ಎಂದು ಡಾಕ್ಟರು ಬೆನ್ನು ತಟ್ಟುತ್ತಿದ್ದರೆ ನಾನು ಟೈರಿನ ಮೇಲೆ ಕೂತೇ ನಕ್ಕೆ. ಎಷ್ಟು ನಕ್ಕೆನೆಂದರೆ ಕಂಡಕ್ಟರುಗಳು ಟೀ ಬಿಟ್ಟು ನೋಡಲು ಬಂದರು. ಹಿಂದಿನ ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಗಿತ್ತು. ಸೊಳ್ಳೆ ಚೆನ್ನಾಗಿತ್ತು. ಹೊಸ ಕಾರಿಗಿಂತ ಒಂದು ಕೈ ಮೇಲೆಯೇ ಇತ್ತು.

ಇಷ್ಟು ಹಗುರಾದ ಮೇಲೆ ಮುಚ್ಚಿಡುವ ಮನಸ್ಸಾಗಲಿಲ್ಲ. ಮಧ್ಯಾಹ್ನ ಮನೆಗೆ ಬಂದವಳೇ ಶೆಡ್ಡಿಗೆ ಹೋಗಿ, ಸ್ಟೂಲಿನ ಮೇಲೆ ಕೂತಿದ್ದ ಮಾವನವರಿಗೆ ನಡೆದದ್ದನ್ನೆಲ್ಲ ಒಪ್ಪಿಸಿದೆ. ಹನ್ನೊಂದು ಸಾವಿರ ಎಂದಾಗಲೂ ಅವರು ಬೆಚ್ಚಲಿಲ್ಲ. ಡೀಸೆಲ್ ಗೇಜು ಹಾಕಿಸಿದೆ ಎಂದಾಗ ಮಾತ್ರ ಮುಖ ಗಂಟಿಕ್ಕಿದರು. ತಮ್ಮ ಎಂಜಿನ್ನನ್ನು ಬಸ್ಸು ಬಿಚ್ಚುವವರ ಕೈಗೆ ಕೊಟ್ಟೆಯಾ ಎಂದು ಚೆನ್ನಾಗಿಯೇ ಬೈದರು. ಬೈಯಿಸಿಕೊಂಡು ಅಷ್ಟು ಸುಖಪಟ್ಟದ್ದು ಅದೇ ಮೊದಲು.

ಆಮೇಲೆ ದನಿ ಇಳಿಸಿದರು.

"ಕೆಳಗೆ ನಿಂತೋನಿಗೆ ಕಿವಿ ಇಲ್ವೇನಮ್ಮ? ಕಿರುಚಿದ್ದು ಕೇಳಿಸ್ತು. ಆಮೇಲೆ ಸದ್ದೇ ಇಲ್ಲ. ಎಣಿಸ್ತಾ ನಿಂತೆ. ಏಳು ಅನ್ನೋಷ್ಟರಲ್ಲಿ ಮತ್ತೆ ಶುರುವಾಯ್ತು. ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ."

ಹಾಗಿದ್ದರೆ ವಾಲ್ವು ಹೇಗೆ ಉಳಿಯಿತು ಎಂದು ಕೇಳಿದೆ. ಅವರು ಕಪಾಟಿನಿಂದ ಒಂದು ಹೆಚ್ಚುವರಿ ಪಿಸ್ಟನ್ ತೆಗೆದು ನನ್ನ ಕೈಗಿಟ್ಟರು. ಅದರ ತಲೆಯ ಮೇಲೆ ವಾಲ್ವಿಗೆ ತಾಗದಿರಲೆಂದು ಕೊರೆದ ಗುಳಿಯಲ್ಲಿ ನನ್ನ ಹೆಬ್ಬೆರಳು ಮುಳುಗಿತು. ಕೈ ನಡುಗಲು ಶುರುವಾದ ವರ್ಷ, ಮುಂದೆ ಓಡಿಸುವವಳು ನಾನೇ ಎಂದು ಖಾತ್ರಿಯಾದ ಮೇಲೆ, ಕೂರಿಸಿದ್ದ ಪಿಸ್ಟನ್ನುಗಳನ್ನೆಲ್ಲ ಹೊರತೆಗೆದು ಗುಳಿಗಳನ್ನು ಇನ್ನೂ ಆಳ ಮಾಡಿದ್ದರಂತೆ. ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮಾಡಿದ ಕೊನೆಯ ಕೆಲಸವಂತೆ ಅದು. ಬಸ್ಸಿನ ಕೈ ಒಂದಲ್ಲ ಒಂದು ದಿನ ಗೇರು ತಪ್ಪಿಸುತ್ತದೆಂದು ಅವರಿಗೆ ಅನುಮಾನವೇ ಇರಲಿಲ್ಲ. ಗುಳಿ ಆಳವಾದಷ್ಟೂ ಎಂಜಿನ್ನಿನ ಬಲ ಕಡಿಮೆಯಾಗುತ್ತದೆ. ಎಷ್ಟು ಬಲ ಹೋಯಿತು ಎಂದು ಕೇಳಿದೆ.

"ಒಂಬತ್ತು ಕುದುರೆ," ಎಂದರು.

ಒಂದು ಕುದುರೆಯ ಬಲಕ್ಕಾಗಿ ವಾರಗಟ್ಟಲೆ ಶೆಡ್ಡಿನಿಂದ ಹೊರಗೆ ಬಾರದ ಮನುಷ್ಯ. ಎಂಜಿನ್ ಉಳಿಯಲೆಂದು ಅಷ್ಟನ್ನೂ ಬಿಟ್ಟುಕೊಟ್ಟಿರಲ್ಲ ಮಾವ ಎಂದೆ.

"ಎಂಜಿನ್ನಿಗಲ್ಲಮ್ಮ. ವಾಲ್ವು ಮುರಿದು ಎಂಜಿನ್ ಹಿಡ್ಕೊಂಡ್ರೆ ಹಿಂದಿನ ಚಕ್ರ ಗಕ್ಕಂತ ನಿಂತ್ಬಿಡುತ್ತೆ. ಬೆಟ್ಟದ ಆ ತಿರುವಿನಲ್ಲಿ ಆಚೆ ಕಡೆ ಗೋಡೆ ಇಲ್ಲ."

ಆ ಗೋಡೆಯ ವಿಷಯ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಪಿಸ್ಟನ್ ಹಿಡಿದುಕೊಂಡು ಶೆಡ್ಡಿನ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಮಾವನವರು ಎರಡೂ ಕೈಯಲ್ಲಿ ಹಿಡಿದು ಲೋಟದಲ್ಲಿ ನೀರು ತಂದುಕೊಟ್ಟರು. ಅರ್ಧ ಚೆಲ್ಲಿತ್ತು. ಉಳಿದದ್ದನ್ನು ಕುಡಿದೆ.